ಸೆರಗು ಕೂಡಿಸುವವಳು

"ಈ ಪುಸ್ತಕದಾಗ ನಾ ಎಲ್ಲಿ ಅದೇನಿ, ತೋರಸ್ರಿ."

ಬಸಯ್ಯ ಮಾಸ್ತರರು ಚಹಾದ ಬಟ್ಟಲು ಕೆಳಗಿಟ್ಟರು. ಗುರುಸಿದ್ದವ್ವ ಇಳಕಲ್ಲಿನಿಂದ ಮೊದಲ ಬಸ್ಸು ಹಿಡಿದು ಬಾಗಲಕೋಟೆಗೆ ಬಂದದ್ದೇ ಜಗಳಕ್ಕೆ. ಅವಳ ಮೈಯೆಲ್ಲ ಉರಿಯುತ್ತಿತ್ತು.

ಎಪ್ಪತ್ತೆಂಟನೆಯ ಇಸವಿಯಲ್ಲಿ ಇದೇ ಮಾಸ್ತರರು, ನೇಯುವುದಕ್ಕೆ ಯಾವ ದೇಶದವರು ಏನನ್ನುತ್ತಾರೆಂದು ಪುಸ್ತಕ ಬರೆಯಲು, ವಾರವಾರ ಅವಳ ಮನೆಗೆ ಬರುತ್ತಿದ್ದರು. ಇಂಗ್ಲಿಷರದು ವೀವ್, ಡಚ್ಚರದು ವೇವನ್, ಜರ್ಮನರದು ವೇಬನ್, ಎಲ್ಲ ಒಂದೇ ಬೇರಿನವು, ಜೇಡನ ಬಲೆಗೆ ಇಂಗ್ಲಿಷರು ಅನ್ನುವ ವೆಬ್ ಕೂಡ ಅದೇ ಬಳಗದ್ದು ಎಂದು ಹೇಳುತ್ತಿದ್ದರು. ಅವಳು ಬಾಯಿ ತೆರೆದು ಕೇಳಿದ್ದೇ ಕೇಳಿದ್ದು. ಮಗ್ಗದ ಮಾತುಗಳನ್ನೆಲ್ಲ ಅವರಿಗೆ ಹೇಳಿಕೊಟ್ಟವಳು ಅವಳೇ. ಇಳಕಲ್ ಸೀರೆಗೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ನೂಲು, ಅಂದರೆ ಹಾಸು, ಮೈಗೆ ಬೇರೆ, ಸೆರಗಿಗೆ ಬೇರೆ. ಎಳೆಗೆ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸದೆ ಯಾವ ಗಂಡಸೂ ಸೆರಗು ನೇಯಲಾರ. ಓಣಿಯ ಆರೂ ಮಗ್ಗಗಳಿಗೆ ಕೂಡಿಸುತ್ತಿದ್ದವಳು ಗುರುಸಿದ್ದವ್ವ.

ಈಗ ಗಂಡ ತೀರಿಕೊಂಡ ಮೇಲೆ, ಅವನ ಹೆಸರಿಗೆ ಬರುತ್ತಿದ್ದ ನೂಲನ್ನು ತನಗೆ ಕೊಡಿರೆಂದು ನೇಕಾರರ ಸಂಘಕ್ಕೆ ಹೋದಳು. ಸಂಘದ ಕಾರ್ಯದರ್ಶಿ, ಅದೇ ಓಣಿಯ ಈರಪ್ಪ, ಇದೇ ಪುಸ್ತಕ ತೆಗೆದು ಓದಿದ: 'ನೇಕಾರನೆಂದರೆ ಗಂಡಸು. ಹೆಂಗಸರು ಕೈಜೋಡಿಸುತ್ತಾರೆ.' ನೇಕಾರರಲ್ಲದವರಿಗೆ ನೂಲಿಲ್ಲವೆಂದು ನಕ್ಕ. ನೂಲಿಲ್ಲದಿದ್ದರೆ ಅವಳು ಮಗ್ಗ ಮಾರಬೇಕು.

"ಓಣ್ಯಾಗ ಹಂಗ ಅಂದ್ರವ್ವ, ಹಂಗ ಬರದೆ," ಎಂದರು ಮಾಸ್ತರರು.

"ಅಂದವ್ರು ಗಂಡಸ್ರು. ನಿಮಗ ಕಲಿಸಿದಾಕಿ ನಾನು. ಇದು ತಪ್ಪೈತಿ ಅಂತ ಸಂಘಕ್ಕ ಒಂದು ಚೀಟಿ ಬರೀರಿ."

ಅಚ್ಚಾದದ್ದನ್ನು ತಪ್ಪೆಂದು ಬರೆದುಕೊಟ್ಟರೆ ತನ್ನ ಮಾನ ಉಳಿಯುವುದಿಲ್ಲ, ಮತ್ತೆ ಅಚ್ಚು ಹಾಕಿಸುವಾಗ ತಿದ್ದುತ್ತೇನೆ ಎಂದು ಅವರು ಗೊಣಗಿದರು. ಅವಳ ಪಿತ್ತ ನೆತ್ತಿಗೇರಿತು. ಅಷ್ಟೊತ್ತಿಗೆ ಮಗ್ಗ ಯಾರ ಮನೆ ಸೇರಿರುತ್ತದೋ! ಪುಸ್ತಕವನ್ನು ಅಲ್ಲೇ ಬಿಸಾಕಿ ಬಂದುಬಿಟ್ಟಳು.

ಮರುದಿನ ಈರಪ್ಪನ ಮನೆಯಿಂದಲೇ ಕೂಡಿಸಲು ಹಾಸು ಬಂತು. ಮಗಳ ಮದುವೆಯ ಸೀರೆಯದು.

"ಪುಸ್ತಕ ನೋಡಿ ನೀವ ಕೂಡಿಸ್ಕೋರಿ," ಎಂದು ಗುರುಸಿದ್ದವ್ವ ತಿರುಗಿ ಕಳಿಸಿದಳು. ಉಳಿದ ನಾಲ್ಕು ಮನೆಯವರಿಗೂ ಅದನ್ನೇ ಹೇಳಿದಳು. ಗಂಡಸರು ತಾವೇ ಕೂಡಿಸಲು ಕೂತರು. ಎಳೆ ಹರಿದವು, ಸಿಕ್ಕುಬಿದ್ದವು. ನಾಲ್ಕನೆಯ ದಿನಕ್ಕೆ ಓಣಿಯಲ್ಲಿ ಒಂದು ಮಗ್ಗದ ಸಪ್ಪಳವೂ ಇರಲಿಲ್ಲ.

ಅಂದು ಮಧ್ಯಾಹ್ನ ಈರಪ್ಪ ನೇಕಾರರ ಹೆಸರು ಬರೆಯುವ ಸಂಘದ ದಪ್ಪ ದಫ್ತರವನ್ನು ಕಂಕುಳಲ್ಲಿಟ್ಟುಕೊಂಡು ಬಂದು ಕಟ್ಟೆಯ ಮೇಲೆ ಕೂತ. ಗುರುಸಿದ್ದವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳು ತಿರುಗಿಯೂ ನೋಡಲಿಲ್ಲ.

"ನೇಕಾರರೊಳಗ ನನ್ನ ಹೆಸರು ಬರದು, ಜೋರಾಗಿ ಓದ್ರಿ. ಓಣಿಗೆಲ್ಲ ಕೇಳ್ಲಿ."

ಈರಪ್ಪ ಪೆನ್ನಿನ ಟೋಪಿ ತೆಗೆದ.