ಬೈರಯ್ಯನ ಹೆಬ್ಬೆಟ್ಟು

ಕೆಂಗೇರಿ ಮನೆಯಲ್ಲಿ ತಮ್ಮ ಬೈರಯ್ಯನಿಗಿದ್ದ ಪಾಲೂ ತನ್ನ ಕೈಗೇ ಬರಲೆಂದು ಮುನಿರಾಜು ಅವನನ್ನು ಜಟಕಾದಲ್ಲಿ ಕೂರಿಸಿಕೊಂಡು ಕೋರ್ಟಿಗೆ ಬಂದಿದ್ದ. ತಮ್ಮನಿಗೆ ಹುಟ್ಟಿನಿಂದಲೇ ಬುದ್ಧಿ ಬೆಳೆದಿಲ್ಲ, ತನ್ನನ್ನೇ ಪೋಷಕನನ್ನಾಗಿ ನೇಮಿಸಬೇಕು ಎಂಬುದು ಅವನ ಅರ್ಜಿ. ಎಲ್ಲವೂ ಸಲೀಸಾಗಿ ನಡೆದಿತ್ತು. ಅಷ್ಟರಲ್ಲಿ ಅಕ್ಕ ಹನುಮಕ್ಕ ಒಂದು ಪತ್ರ ಮುಂದಿಟ್ಟಳು. ಸುಂಕದಕಟ್ಟೆಯ ಹೊಲದ ಪಾಲನ್ನು ಬೈರಯ್ಯ ಹೋದ ವರ್ಷ ಅಣ್ಣನಿಗೇ ಬಿಟ್ಟುಕೊಟ್ಟ ಪತ್ರ.

“‘ಸ್ವಸ್ಥ ಬುದ್ಧಿಯಿಂದ’ ಅಂತ ಬರೆಸಿದ್ದೀರಿ. ಇದು ಸುಳ್ಳೋ, ಅರ್ಜಿ ಸುಳ್ಳೋ?” ಎಂದರು ನ್ಯಾಯಾಧೀಶರು.

ಮುನಿರಾಜು ಕೈಮುಗಿದ. “ಆಗ ಸ್ವಲ್ಪ ಚೆನ್ನಾಗಿದ್ದ, ಸ್ವಾಮಿ.”

ಅವರು ಪತ್ರವನ್ನು ಬೈರಯ್ಯನ ಮುಂದೆ ಹಿಡಿದು, “ಇದೇನಪ್ಪ, ಗೊತ್ತಾ?” ಎಂದರು.

ಅಣ್ಣ ಕಣ್ಸನ್ನೆ ಮಾಡುವ ಮೊದಲೇ ಬೈರಯ್ಯನ ಮುಖ ಅರಳಿತು. ಎಡಗೈ ಹೆಬ್ಬೆಟ್ಟು ಚಾಚಿ, “ಮಸಿ ಹಚ್ಚಿ,” ಎಂದ. “ಒತ್ತಿದ್ರೆ ಅಣ್ಣ ಬೋಂಡ ಕೊಡಿಸ್ತಾನೆ.”