ಜೋಳದ ಚೀಲದ ತೂಕ

ನೆಲದ ಮೇಲೆ ಕೂತರೆ ಏಳಲಾಗದ ತೊಂದರೆ ನಿಮ್ಮ ಮನೆಯಲ್ಲೂ ಯಾರಿಗಾದರೂ ಇರಬಹುದು. ಇಂಗ್ಲೆಂಡಿನ ಸೊಲಿಹಲ್ ಊರಿನ ಗುರುಸಿದ್ದಪ್ಪನವರಿಗೆ ಇತ್ತು. ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ಮೂರು ವಾರ ಹಾಸಿಗೆ ಹಿಡಿದಿದ್ದರು. ವಾಸಿಯಾಗಿ ಎದ್ದಾಗ ತೊಡೆಗಳು ಸೊರಗಿದ್ದವು. ಐವತ್ತು ವರ್ಷ ನೆಲದ ಮೇಲೆ ಕೂತು ಲಿಂಗಪೂಜೆ ಮಾಡಿದವರು ಈಗ ಕುರ್ಚಿಯ ಮೇಲೆ ಮಾಡಬೇಕಾಯಿತು. ಅದು ಅವರಿಗೆ ತುಂಬ ನಾಚಿಕೆಯ ಸಂಗತಿ.

ಜಿಪಿ, ಅಂದರೆ ಅವರ ಮಾಮೂಲಿ ಡಾಕ್ಟರು, ಕಳಿಸಿದ ಫಿಸಿಯೋಥೆರಪಿಸ್ಟ್ ಉಮಾ ಒಂದು ವ್ಯಾಯಾಮ ಹೇಳಿಕೊಟ್ಟಳು. ಎರಡು ಕಿಲೋ ಜೋಳದ ಚೀಲ ಅಪ್ಪಿಕೊಂಡು ಕುರ್ಚಿಯಿಂದ ಹತ್ತು ಸಲ ಎದ್ದು ಕೂರಬೇಕು, ವಾರಕ್ಕೆ ಮೂರು ದಿನ. ಸಲೀಸಾದ ಹಾಗೆ ಹೆಂಡತಿ ಪ್ರಭಾವತಿ ಚೀಲಕ್ಕೆ ಒಂದು ಬಟ್ಟಲು ಜೋಳ ಸೇರಿಸಬೇಕು.

ಆ ಬಟ್ಟಲೇ ಅನುಮಾನ ಹುಟ್ಟಿಸಿತು. ಗುರುಸಿದ್ದಪ್ಪ ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳ ಮೇಲೆ ಭಾರ ಹೇರಿ, ಯಾವಾಗ ಮುರಿಯುತ್ತವೆ ಎಂದು ಪರೀಕ್ಷಿಸಿದವರು. ಭಾರ ಏರಿಸುತ್ತ ಹೋದರೆ ಕೊನೆಗೆ ಏನಾಗುತ್ತದೆಂದು ಅವರಿಗೆ ಹೇಳಿಕೊಡಬೇಕೆ? ಈ ಹುಡುಗಿ ತಮ್ಮ ಮೊಣಕಾಲನ್ನು ಆಪರೇಷನ್ನಿಗೇ ತಂದಿಡುತ್ತಾಳೆ ಅನ್ನಿಸಿತು. ಅವಳ ನಗುವೂ ಸರಿ ಕಾಣಲಿಲ್ಲ. ಹೆಂಡತಿ ಸೇರಿಸಿದ್ದನ್ನು ಪ್ರತಿ ವಾರ ಮೆಲ್ಲಗೆ ತೆಗೆದು ಕೋಟಿನ ಜೇಬಿಗೆ ಸುರಿದುಕೊಂಡು, ವಾಕಿಂಗ್‌ನಲ್ಲಿ ಪಾರಿವಾಳಗಳಿಗೆ ಹಾಕಿ ಬರುತ್ತಿದ್ದರು.

ಆರು ವಾರದ ಮೇಲೆ ಉಮಾ ಬಂದಳು.

"ಏನೂ ಸುಧಾರಿಸಿಲ್ಲವ್ವಾ. ನಾ ಮೊದಲೇ ಅಂದ್ಕೊಂಡಿದ್ದೆ," ಎಂದರು ಗುರುಸಿದ್ದಪ್ಪ.

ಅಷ್ಟರಲ್ಲಿ ಪ್ರಭಾವತಿ ವಾಷಿಂಗ್ ಮಷೀನ್ ಕಡೆಯಿಂದ ಬಂದು ಅಂಗೈ ಚಾಚಿದರು. ಅದರಲ್ಲಿ ಒದ್ದೆ ಜೋಳ. "ಮಷೀನು ಗಲಗಲ ಅನ್ನಾಕತ್ತಿತ್ತು. ನಿಮ್ಮ ಕೋಟಿನ ಜೇಬಿನ್ಯಾಗ ಇದು ಹೆಂಗ ಬಂತ್ರಿ?"

ಗುರುಸಿದ್ದಪ್ಪ ತಲೆ ತಗ್ಗಿಸಿ, ಕಾರ್ಖಾನೆಯಲ್ಲಿ ಭಾರಕ್ಕೆ ಮುರಿದ ಕಬ್ಬಿಣದ ಕಥೆಯನ್ನೂ ಸೇರಿಸಿ, ಎಲ್ಲವನ್ನೂ ಒಪ್ಪಿಕೊಂಡರು.

ಉಮಾ ಬೈಯಲಿಲ್ಲ. "ಅಂಕಲ್, ಕಬ್ಬಿಣ ತಾನಾಗಿ ರಿಪೇರಿ ಆಗಲ್ಲ, ಸ್ನಾಯು ಆಗತ್ತೆ. ಇವತ್ತು ಸ್ವಲ್ಪ ಜಾಸ್ತಿ ದುಡಿಸಿ, ನಾಳೆ ರೆಸ್ಟ್ ಕೊಟ್ಟು, ಬೇಳೆ, ಮೊಸರು ಚೆನ್ನಾಗಿ ತಿಂದ್ರೆ ಇನ್ನೂ ಗಟ್ಟಿಯಾಗತ್ತೆ. ಯಾವಾಗಲೂ ಅದೇ ಎರಡು ಕಿಲೋ ಎತ್ತಿದ್ರೆ ಅದು ಯಾಕೆ ಬೆಳೀಬೇಕು?"

"ಮುರದರ?"

"ಅದಕ್ಕೇ ಒಂದೇ ಬಟ್ಟಲು. ಕೊನೇ ಎರಡು ಸಲ ಕಷ್ಟ ಅನ್ನಿಸಬೇಕು, ನೋವಾಗಬಾರದು. ನೋವಾದ್ರೆ ನಿಲ್ಲಿಸಿ ನನಗೆ ಫೋನ್ ಮಾಡಿ."

ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಬಟ್ಟಲನ್ನು ತಾವೇ ಸುರಿದು, ತಕ್ಕಡಿಯಲ್ಲಿ ತಾವೇ ತೂಗತೊಡಗಿದರು. ಹೀಗೆ ಹತ್ತು ವಾರ ಕಳೆಯಿತು.

ಒಂದು ಬೆಳಿಗ್ಗೆ ಚೀಲ ಎತ್ತಿದರೆ ಹಗುರ. ಗುರುಸಿದ್ದಪ್ಪನವರ ಹುಬ್ಬು ಗಂಟಾಯಿತು.

"ಪ್ರಭಾ, ಇದರಾಗಿನ ಜೋಳ ನೀ ತಗದಿಯೇನು?"

"ನಿಮ್ಮಂಗ ಕದಿಯೂ ಚಟ ನನಗಿಲ್ಲ. ತೂಗಿ ನೋಡ್ರಿ."

ತೂಗಿದರು. ನಾಲ್ಕು ಕಿಲೋ. ಮತ್ತೊಮ್ಮೆ ತೂಗಿದರು. ಒಂದು ಕಾಳೂ ಕಡಿಮೆಯಾಗಿರಲಿಲ್ಲ.

ಅವರು ಹೋಗಿ ಸ್ನಾನ ಮಾಡಿ ಬಂದು, ನೆಲಕ್ಕೆ ಚಾಪೆ ಹಾಸಿ ಕೂತರು. ಪೂಜೆ ಮುಗಿಯುವ ಹೊತ್ತಿಗೆ ಪ್ರಭಾವತಿ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದರು. ಆ ಕೈಯನ್ನು ಹಿಡಿಯದೆಯೇ ಗುರುಸಿದ್ದಪ್ಪ ಎದ್ದು ನಿಂತರು. ಇಬ್ಬರ ಕಣ್ಣೂ ತುಂಬಿ ಬಂದವು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕಾಲಿನ ಶಕ್ತಿಯೂ ಹೀಗೆ ಮರಳಬಹುದು. ಮೊದಲು ಜಿಪಿಯನ್ನು ಕೇಳಿ. ಸುಲಭವಾದಷ್ಟರಿಂದ ಶುರು ಮಾಡಿ, ಸಲೀಸಾದ ಮೇಲೆ ಸ್ವಲ್ಪವೇ ಹೆಚ್ಚಿಸಿ, ನಡುವೆ ವಿಶ್ರಾಂತಿ ಕೊಡಿ. ಅನುಮಾನ ಬಂದರೆ ಬಾಯಿಬಿಟ್ಟು ಕೇಳಿ. ಚೀಲದಿಂದ ಮಾತ್ರ ಕದಿಯಬೇಡಿ.