ಬೇಲಿ ಮುಂದಿನ ಫೋಟೋ

"ಹೆಣ ತಿರುಗಸ್ರಲೇ ಸೂಳೆಮಕ್ಕಳಾ. ಇದು ನನ್ನ ಪಟ್ಟಾ ಭೂಮಿ."

ಮಹಾಂತಯ್ಯ ಪಟೇಲ ಹೊಸ ತಂತಿಬೇಲಿಯ ಆಚೆ ಬೈಕಿನ ಮೇಲೆ ಕುಳಿತೇ ಬಯ್ಯುತ್ತಿದ್ದ. ನಮ್ಮ ಇಳಿಸುಕಲ್ಲು ಆ ಬೇಲಿಯೊಳಗೆ ಸಿಕ್ಕಿಕೊಂಡಿತ್ತು. ಹೂಳುವ ಜಾಗಕ್ಕೆ ಹೋಗುವ ಅರ್ಧ ದಾರಿಯಲ್ಲಿ ಆ ಕಲ್ಲಿನ ಹತ್ತಿರ ಹೆಣ ಇಳಿಸಿ, ಸತ್ತವರ ಕಿವಿಯಲ್ಲಿ ಹೆಸರು ಕೂಗಬೇಕು. ಅದಕ್ಕೂ ಮೊದಲು ನೆಲಕ್ಕೆ ತಾಗಿಸುವ ಹಾಗಿಲ್ಲ. ಚಿನ್ನಯ್ಯನ ಹೆಣ ಹೊತ್ತ ನಾವು ಹೆಗಲು ಬದಲಿಸುತ್ತ ಬಿಸಿಲಲ್ಲಿ ನಿಂತಿದ್ದೆವು.

ಅಷ್ಟರಲ್ಲಿ ಕುರುಮಮ್ಮ ಸ್ಕೂಟಿಯಿಂದ ಇಳಿದಳು. ಕೊರಳಲ್ಲಿ ಕ್ಯಾಮೆರಾ. ನಮ್ಮ ಕೇರಿಯವಳೇ. ಮಖ್ತಲ್ ಕಡೆ ಪೇಪರಿಗೆ ಫೋಟೋ ತೆಗೆಯಲು ನಿಂತ ಮೊದಲ ಹೆಂಗಸು. ಯಾವ ಪೇಪರಿನಲ್ಲೂ ನೌಕರಿ ಇಲ್ಲ. ತೆಗೆದು ಕಳಿಸುತ್ತಾಳೆ, ಬೇಕಾದವರು ಹಾಕಿಕೊಳ್ಳುತ್ತಾರೆ. ಹೋದ ವರ್ಷ ನಮ್ಮ ಕೇರಿಯವರ ರಾಸ್ತಾರೋಕೋದ ಫೋಟೋ ಹಾಗೇ ಬಂತು. ಅದನ್ನೇ ಹಿಡಿದುಕೊಂಡು ಪೊಲೀಸರು ಬಂದು, ಮುಖ ಕಂಡ ಅಂಜಯ್ಯನನ್ನು ಎಳೆದೊಯ್ದರು. ಅವನು ಇನ್ನೂ ನಾರಾಯಣಪೇಟೆ ಕೋರ್ಟಿಗೆ ಅಲೆಯುತ್ತಿದ್ದಾನೆ.

ಆಕೆ ಕ್ಯಾಮೆರಾ ಎತ್ತಿದ್ದೇ ತಡ, ಹೆಂಗಸರು ಮುಖಕ್ಕೆ ಸೆರಗು ಎಳೆದುಕೊಂಡರು. ಗಂಡಸರು ಬೆನ್ನು ತಿರುಗಿಸಿದರು. ಯಾರು ಕರೆಸಿದರು ಎಂದು ಕೇಳಿದೆವು. ಯಾರೂ ಇಲ್ಲ ಅಂದಳು. ನಂಬಲಿಲ್ಲ. ಪಟೇಲನೇ ಕರೆಸಿರಬೇಕು, ನಾಳೆ ಠಾಣೆಯ ಮೇಜಿನ ಮೇಲೆ ನಮ್ಮ ಮುಖಗಳಿರುತ್ತವೆ ಎಂದು ಆಶಪ್ಪ ಗೊಣಗಿದ.

ನಾವೇ ಕರೆಸಿದ್ದೇವೆಂದು ಪಟೇಲನಿಗೆ ಸಂಶಯ. "ಏ ಫೋಟೋದಾಕಿ, ಯಾವ ಪೇಪರ್ ನಿಂದು? ಕಾರ್ಡ್ ತೋರ್ಸು."

"ಕಾರ್ಡ್ ಇಲ್ರಿ."

"ಹಂಗಾದ್ರ ನೀನೂ ಕೇರಿ ನಾಯಿನ."

ಕುರುಮಮ್ಮ ನಮ್ಮ ಕಡೆ ತಿರುಗಿದಳು. ಫೋಟೋ ಬರದಿದ್ದರೆ ಇಲ್ಲಿ ದಾರಿಯೇ ಇರಲಿಲ್ಲ ಅಂತಾರೆ, ಬರೀ ಬೆನ್ನುಗಳ ಫೋಟೋ ಯಾರೂ ಹಾಕುವುದಿಲ್ಲ ಅಂದಳು.

ಅಂಜಯ್ಯನ ಹೆಂಡತಿ ಝಾನ್ಸಿ ಮುಂದೆ ಬಂದಳು. "ನಮ್ಮ ಮಾರಿ ತೋರ್ಸಿ ನೀ ದೊಡ್ಡಾಕಿ ಆದಿ, ಅಕ್ಕಾ. ನನ್ನ ಗಂಡ ಜೈಲ್ ಕಂಡ. ನಿನ್ನ ಮಾರಿ ಯಾವ ಪೇಪರಿನಾಗ ಬಂದೈತಿ, ಹೇಳು?"

ಕುರುಮಮ್ಮ ಕ್ಯಾಮೆರಾವನ್ನು ಸ್ಕೂಟಿಯ ಸೀಟಿನ ಮೇಲಿಟ್ಟು, ನಾವೂ ಬೇಲಿಯೂ ಪಟೇಲನೂ ಬರುವಂತೆ ನೋಡಿ, ಟೈಮರ್ ಒತ್ತಿದಳು. ನೆಟ್ಟಗೆ ಬಂದು ಚಟ್ಟಕ್ಕೆ ಹೆಗಲು ಕೊಟ್ಟಳು. ನಮ್ಮಲ್ಲಿ ಹೆಂಗಸರು ಹೆಣ ಹೊರುವುದಿಲ್ಲ. ಯಾರೂ ಬೇಡ ಅನ್ನಲಿಲ್ಲ.

ಝಾನ್ಸಿ ಸೆರಗು ಸರಿಸಿದಳು. ಬೆನ್ನುಗಳು ಒಂದೊಂದಾಗಿ ತಿರುಗಿದವು.

ಕ್ಯಾಮೆರಾದ ಕೆಂಪು ದೀಪ ಮಿನುಗತೊಡಗಿತು. ನಾನು ಓರೆಗಣ್ಣಲ್ಲಿ ಹಿಂದೆ ನೋಡಿದೆ. ಬೇಲಿಯಾಚೆ ಮಹಾಂತಯ್ಯ ಪಟೇಲ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದ.